ಬಾಕಾಹು ಮತ್ತು ವಾಟ್ಸ್ಯಾಪ್: ಸಣ್ಣ ಉದ್ದಿಮೆಗೆ ಜಾಲತಾಣದಿಂದ ದಕ್ಕುವುದೇನು?

1. ಪ್ರಶ್ನೆ

ಸಾಮಾಜಿಕ ಜಾಲತಾಣಗಳಿಂದ ಸಣ್ಣ ಉದ್ದಿಮೆಗಳಿಗೆ ಏನು ಲಾಭ ಎಂದು ಕೇಳಿದರೆ ತಟ್ಟನೆ ಬರುವ ಉತ್ತರ ‘ಖರ್ಚಿಲ್ಲದ ಪ್ರಚಾರ’. ಉತ್ತರ ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಸರಕು ಸಿದ್ಧವಿದ್ದು, ಹೆಸರು ಹೇಳಿದರೆ ಗುರುತಿಸುವ ಗಿರಾಕಿ ಎಲ್ಲೋ ಒಂದು ಕಡೆ ಇದ್ದಾಗ ಪ್ರಚಾರದಿಂದ ಉಪಯೋಗವಿದೆ. ಸರಕೇ ಹೊಸದು, ಮಾಡುವ ಕ್ರಮ ಮಾಡುವವರಿಗೇ ಪೂರ್ತಿ ಕೈವಶವಾಗಿಲ್ಲ, ಕೊಳ್ಳಬೇಕಾದವರು ಅದರ ಹೆಸರನ್ನೇ ಕೇಳಿಲ್ಲ ಎಂಬಂಥ ಸ್ಥಿತಿಯಲ್ಲಿ ಜಾಲತಾಣ ಏನು ಮಾಡಬಲ್ಲದು ಎಂಬುದು ಈ ಟಿಪ್ಪಣಿಯ ಪ್ರಶ್ನೆ. ಅದಕ್ಕೆ ಆಯ್ದುಕೊಂಡ ಪ್ರಕರಣ, 2021ರ ಮಳೆಗಾಲದಲ್ಲಿ ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ ಹಬ್ಬಿದ ಬಾಳೆಕಾಯಿ ಹುಡಿಯ ತಯಾರಿ. ‘ಬಾಕಾಹು’ ಎಂಬ ಚುಟುಕು ಹೆಸರಿನಲ್ಲಿ ಅದು ಪ್ರಸಿದ್ಧವಾಯಿತು.

ಸಣ್ಣ ಉದ್ದಿಮೆ ಎಂದಾಗ ನಮ್ಮ ಕಣ್ಣಿಗೆ ಬರುವುದು ಪೇಟೆಯ ಅಂಗಡಿ ಅಥವಾ ಹತ್ತಾರು ಜನ ದುಡಿಯುವ ಶೆಡ್ಡು. ಅಂಕಿಅಂಶದ ಚಿತ್ರ ಬೇರೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 2015-16ರ 73ನೇ ಸುತ್ತಿನ ಪ್ರಕಾರ ಕೃಷಿಯೇತರ ಅಸಂಘಟಿತ ಉದ್ದಿಮೆಗಳು ದೇಶದಲ್ಲಿ ಸುಮಾರು 6.34 ಕೋಟಿ. ಅವುಗಳಲ್ಲಿ ಹತ್ತಕ್ಕೆ ಎಂಟಕ್ಕಿಂತ ಹೆಚ್ಚು, ಕೂಲಿಯಾಳಿನ ಹಂಗಿಲ್ಲದೆ ಮನೆಯವರೇ ನಡೆಸುವಂಥವು. ಉತ್ಪಾದನೆ, ಲೆಕ್ಕ, ಮಾರಾಟ ಎಲ್ಲ ಒಂದೆರಡು ಜನರ ಹೆಗಲ ಮೇಲೆ. ಇಂಥವರಿಗೆ ಸೋತರೆ ತಡೆದುಕೊಳ್ಳುವ ಬಂಡವಾಳ ಇರುವುದಿಲ್ಲ. ಆದ್ದರಿಂದ ಜಾಲತಾಣದ ಲಾಭವನ್ನು ಎಷ್ಟು ಜನ ನೋಡಿದರು, ಎಷ್ಟು ಜನ ಮೆಚ್ಚಿದರು ಎಂಬುದರಿಂದ ಅಳೆಯುವುದು ಸಾಲದು. ಸೋಲಿನ ಬೆಲೆಯನ್ನು ಅದು ಎಷ್ಟು ಇಳಿಸಿತು ಎಂಬುದನ್ನು ನೋಡಬೇಕು.

2. ಹಿಂದಿನ ಅಧ್ಯಯನಗಳು ಎಲ್ಲಿಯವರೆಗೆ ಬರುತ್ತವೆ

ಸಂಪರ್ಕ ಸಾಧನ ಮತ್ತು ಸಣ್ಣ ವ್ಯಾಪಾರದ ಕುರಿತ ಚರ್ಚೆಯಲ್ಲಿ ಮತ್ತೆ ಮತ್ತೆ ಉಲ್ಲೇಖವಾಗುವುದು ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ 2007ರಲ್ಲಿ ಪ್ರಕಟಿಸಿದ ಅಧ್ಯಯನ. ಕಾಸರಗೋಡು, ಕಣ್ಣೂರು, ಕೋಝಿಕ್ಕೋಡ್ ಜಿಲ್ಲೆಗಳ ಕಡಲತೀರಕ್ಕೆ 1997ರಿಂದ 2001ರ ನಡುವೆ ಹಂತ ಹಂತವಾಗಿ ಮೊಬೈಲ್ ಬಂದಾಗ ಭೂತಾಯಿ ಮೀನಿನ ಪೇಟೆಯಲ್ಲಿ ಏನಾಯಿತು ಎಂಬುದನ್ನು ಅವರು ವಾರವಾರ ದಾಖಲಿಸಿದರು. ಅದರಲ್ಲಿ ಒಂದು ದಿನದ ಚಿತ್ರವಿದೆ. 1997ರ ಜನವರಿ 14ರಂದು ಬಡಗರದಲ್ಲಿ 11 ಮಂದಿ ಮೀನುಗಾರರು ತಂದ ಮೀನಿಗೆ ಗಿರಾಕಿ ಸಿಗದೆ ಕೈಚೆಲ್ಲಿ ಕೂತಿದ್ದರು. ಅದೇ ಹೊತ್ತಿಗೆ 15 ಕಿಲೋಮೀಟರ್ ಒಳಗಿನ ಬೇರೆ ಪೇಟೆಗಳಿಂದ 27 ಮಂದಿ ಕೊಳ್ಳುವವರು ಮೀನಿಲ್ಲದೆ ಹಿಂತಿರುಗುವುದರಲ್ಲಿದ್ದರು. ಫೋನ್ ಬಂದ ಮೇಲೆ ದೋಣಿಯಲ್ಲಿದ್ದಾಗಲೇ ದರ ಕೇಳಿ, ಯಾವ ದಡಕ್ಕೆ ಹೋಗಬೇಕೆಂದು ತೀರ್ಮಾನಿಸುವುದು ಸಾಧ್ಯವಾಯಿತು. ಪೇಟೆಪೇಟೆಗಳ ನಡುವಿನ ದರದ ಏರುಪೇರು ಬಹುಪಾಲು ಇಳಿಯಿತು. ಅಲ್ಲಿಯವರೆಗೆ ನೂರಕ್ಕೆ 5ರಿಂದ 8ರಷ್ಟು ಮೀನು ವ್ಯರ್ಥವಾಗುತ್ತಿದ್ದುದು ನಿಂತುಹೋಯಿತು. ಮೀನುಗಾರರ ಲಾಭ ಸರಾಸರಿ ಶೇ. 8ರಷ್ಟು ಏರಿದರೆ, ತಿನ್ನುವವರಿಗೆ ಬೆಲೆ ಶೇ. 4ರಷ್ಟು ಇಳಿಯಿತು.

ಅಪರಾಜಿತಾ ಗೋಯಲ್ ಅವರ 2010ರ ಅಧ್ಯಯನ ಮಧ್ಯಪ್ರದೇಶದ ಸೋಯಾ ಬೆಳೆಗಾರರದ್ದು. ಐಟಿಸಿ ಸಂಸ್ಥೆಯ ಇ-ಚೌಪಾಲ್ ಕಿಯಾಸ್ಕ್‌ಗಳು 2000ದ ಕೊನೆಯಿಂದ ಹಳ್ಳಿಗಳಿಗೆ ಬಂದಮೇಲೆ ಮಂಡಿಗಳಲ್ಲಿ ರೈತರಿಗೆ ಸಿಗುವ ದರ ಶೇ. 1ರಿಂದ 3ರಷ್ಟು ಏರಿತೆಂದು ಅವರು ತೋರಿಸಿದರು.

ಎರಡೂ ಬೆಲೆಬಾಳುವ ಕೆಲಸ. ಆದರೆ ಎರಡರಲ್ಲೂ ಸರಕು ಹಳೆಯದು. ಭೂತಾಯಿ ಏನೆಂದು ಮಲಬಾರಿನಲ್ಲಿ ಯಾರಿಗೂ ವಿವರಿಸಬೇಕಿಲ್ಲ, ಸೋಯಾಕ್ಕೆ ಮಂಡಿ ಮೊದಲೇ ಇತ್ತು. ಗೊತ್ತಿಲ್ಲದೆ ಇದ್ದದ್ದು ದರವೊಂದೇ, ಫೋನ್ ಅದನ್ನು ತಿಳಿಸಿತು. ಬಾಳೆಕಾಯಿ ಹುಡಿಗೆ ಕೇಳಿ ತಿಳಿಯಲು ದರವೇ ಇರಲಿಲ್ಲ. ಹಾಗಾಗಿ ಅಲ್ಲಿಯ ವಿವರಣೆಯನ್ನು ಇಲ್ಲಿಗೆ ಹಾಗೆಯೇ ತಂದು ಕೂರಿಸಲಾಗದು.

3. ಪ್ರಕರಣ: 2021ರ ಮಳೆಗಾಲ

ಕೋವಿಡ್‌ನ ಎರಡನೇ ಅಲೆಯಲ್ಲಿ ಕರ್ನಾಟಕದಲ್ಲಿ ಏಪ್ರಿಲ್ 27ರಿಂದ ನಿರ್ಬಂಧಗಳು, ಮೇ 10ರಿಂದ ಬಿಗಿ ಲಾಕ್‌ಡೌನ್. ಹೋಟೆಲು ಮುಚ್ಚಿದವು, ಮದುವೆ-ಮುಂಜಿ, ಜಾತ್ರೆ ನಿಂತವು. ಬಾಳೆಯ ಬಳಕೆ ಹೆಚ್ಚಿರುವುದೇ ಅಲ್ಲಿ. ಗೊನೆ ಬಲಿತ ಮೇಲೆ ಕಡಿಯದೆ ವಿಧಿಯಿಲ್ಲ, ಕಡಿದ ಮೇಲೆ ವಾರದೊಳಗೆ ಹಣ್ಣು, ಆಮೇಲೆ ಗೊಬ್ಬರದ ಗುಂಡಿ.

ಈ ಹಂತದಲ್ಲಿ ಪುತ್ತೂರಿನ ಕೃಷಿ ಪತ್ರಿಕೆ ‘ಅಡಿಕೆ ಪತ್ರಿಕೆ’ಯ ಶ್ರೀಪಡ್ರೆ ಅವರು ಮುಂದಾಗಿ, ಬಾಳೆಕಾಯಿಯನ್ನು ಒಣಗಿಸಿ ಹುಡಿ ಮಾಡಿಟ್ಟುಕೊಳ್ಳುವ ವಿಚಾರವನ್ನು ಕೃಷಿಕರ ವಾಟ್ಸ್ಯಾಪ್ ಗುಂಪುಗಳಲ್ಲಿ ಎತ್ತಿದರು. ಕೇರಳದಲ್ಲಿ ಕುನ್ನನ್, ನೇಂದ್ರ ಕಾಯಿಯ ಹುಡಿಯನ್ನು ಎಳೆಮಕ್ಕಳಿಗೆ ಉಣಿಸುವ ರೂಢಿ ಹಳೆಯದು. ಕರ್ನಾಟಕದ ಅಡುಗೆಮನೆಯಲ್ಲಿ ಅದು ದಿನಬಳಕೆಯ ಹಿಟ್ಟಾಗಿರಲಿಲ್ಲ. ಕೆಲವೇ ವಾರಗಳಲ್ಲಿ ಉತ್ತರ ಕನ್ನಡ, ದಕ್ಷಿಣ ಕನ್ನಡದ ಮನೆಗಳಿಂದ ದೋಸೆ, ರೊಟ್ಟಿ, ಗುಲಾಬ್ ಜಾಮೂನಿನ ಫೋಟೊಗಳು ಹರಿದಾಡತೊಡಗಿದವು. ಜುಲೈ 25ರ ‘ಮನ್ ಕೀ ಬಾತ್’ ಕಾರ್ಯಕ್ರಮದಲ್ಲಿ ಪ್ರಧಾನಿಯವರು ಈ ಎರಡೂ ಜಿಲ್ಲೆಗಳ ಮಹಿಳೆಯರ ಪ್ರಯೋಗವನ್ನು ಹೆಸರಿಸಿದರು. ತಿಂಡಿ ಮಾಡಿದ್ದಷ್ಟೇ ಅಲ್ಲದೆ ಅದರ ಚಿತ್ರಗಳನ್ನು ಜಾಲತಾಣದಲ್ಲಿ ಹಂಚಿಕೊಂಡದ್ದರಿಂದ ಬೇಡಿಕೆ ಹೆಚ್ಚಿದ್ದನ್ನೂ ಅವರು ಪ್ರಸ್ತಾಪಿಸಿದರು.

ತಯಾರಿಯ ಕ್ರಮ ಸರಳ, ಆದರೆ ಎಡವುವ ಜಾಗಗಳು ಹಲವು. ಬಲಿತ, ಹಣ್ಣಿನತ್ತ ತಿರುಗದ ಕಾಯಿ ಬೇಕು. ಸಿಪ್ಪೆ ತೆಗೆದು ಬಿಲ್ಲೆ ಮಾಡಿದ ಕೂಡಲೇ ಗಾಳಿ ತಗಲಿ ತಿರುಳು ಕಪ್ಪಾಗುತ್ತದೆ. ಅದನ್ನು ತಡೆಯಲು ಗಂಜಿತಿಳಿ, ಮಜ್ಜಿಗೆ ನೀರು ಅಥವಾ ಉಪ್ಪು ನೀರಿನಲ್ಲಿ ಅದ್ದಿಡಬೇಕು. ಆಮೇಲೆ ಒಣಗಿಸುವುದು. ಜೂನ್-ಜುಲೈಯ ಮಲೆನಾಡಿನಲ್ಲಿ ಬಿಸಿಲೆಂಬುದಿಲ್ಲ. ಡ್ರೈಯರ್ ಇದ್ದವರು ಗೆದ್ದರು, ಇಲ್ಲದವರು ಒಲೆಯ ಮೇಲಿನ ಅಟ್ಟ ನೆಚ್ಚಿಕೊಳ್ಳಬೇಕಾಯಿತು. ಬಿಲ್ಲೆ ಮುರಿದರೆ ಪಟಕ್ಕನೆ ಸದ್ದು ಬರಬೇಕು. ಬಾಗಿದರೆ ಒಳಗೆ ತೇವ ಉಳಿದಿದೆ ಎಂದರ್ಥ, ಅಂಥದ್ದನ್ನು ಹುಡಿ ಮಾಡಿದರೆ ಡಬ್ಬಿಯಲ್ಲಿ ಬೂಸಲು ಖಂಡಿತ. ಕಾಯಿಯ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸಿಪ್ಪೆ, ತಿರುಳಿನಲ್ಲಿ ಮುಕ್ಕಾಲು ಪಾಲಿನ ಹತ್ತಿರ ನೀರು. ಹೀಗಾಗಿ ಒಂದು ಕಿಲೋ ಹುಡಿಗೆ ಹೆಚ್ಚುಕಡಿಮೆ 5 ಕಿಲೋ ಕಾಯಿ ಬೇಕು.

4. ಲಾಭಗಳ ವಿಶ್ಲೇಷಣೆ

4.1 ಕಲಿಕೆ. ಬಿಲ್ಲೆ ಕಪ್ಪಾಯಿತೆಂದು ಒಬ್ಬರು ಬೆಳಿಗ್ಗೆ ಫೋಟೊ ಹಾಕಿದರೆ, ಗಂಜಿತಿಳಿಯಲ್ಲಿ ಅದ್ದಿ ನೋಡಿ ಎಂಬ ಸಲಹೆ ಮಧ್ಯಾಹ್ನದೊಳಗೆ ಇನ್ನೊಂದು ತಾಲ್ಲೂಕಿನಿಂದ ಬರಬಹುದು. ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ತರಬೇತಿಯ ದಿನಕ್ಕೆ ಕಾಯುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ವೇಗದ್ದು ಮಾತ್ರವಲ್ಲ. ಕೇಂದ್ರದಲ್ಲಿ ಕಲಿಸುವುದು ಗೆದ್ದ ವಿಧಾನವನ್ನು. ಗುಂಪಿನಲ್ಲಿ ಸೋತ ಬಿಲ್ಲೆಯೂ ಕಾಣುತ್ತದೆ. ಯಾವ ತಳಿಯ ಕಾಯಿ ಕಹಿಯಾಯಿತು, ಎಷ್ಟು ದಪ್ಪದ ಬಿಲ್ಲೆ ಒಣಗಲಿಲ್ಲ ಎಂಬುದು ಹೊಸಬರಿಗೆ ಯಶಸ್ಸಿನ ಕಥೆಗಿಂತ ಹೆಚ್ಚು ಬೇಕಾದ ತಿಳಿವಳಿಕೆ. ಬೇರೆಯವರ ನಷ್ಟದಿಂದ ತಮ್ಮ ನಷ್ಟ ತಪ್ಪಿಸಿಕೊಳ್ಳುವುದು ಬಂಡವಾಳವಿಲ್ಲದವರಿಗೆ ಬಂಡವಾಳ ಸಿಕ್ಕ ಹಾಗೆಯೇ.

4.2 ನಂಬಿಕೆಯ ಸಾಕ್ಷ್ಯ. ಜಾರ್ಜ್ ಅಕೆರ್ಲಾಫ್ 1970ರಲ್ಲಿ ಬರೆದ ಪ್ರಬಂಧವೊಂದು, ಒಳ್ಳೆಯದು ಕೆಟ್ಟದ್ದು ಕೊಳ್ಳುವವನಿಗೆ ಬಿಡಿಸಿ ಹೇಳಲಾಗದ ಪೇಟೆಯಲ್ಲಿ ಒಳ್ಳೆಯ ಸರಕೇ ಹೊರಬೀಳುತ್ತದೆಂದು ತೋರಿಸಿತು. ಹುಡಿಗೆ ಈ ಮಾತು ಎರಡು ಪಟ್ಟು ಅನ್ವಯ. ಕಾಯಿ, ಹಣ್ಣನ್ನು ಮುಟ್ಟಿ ನೋಡಬಹುದು, ಹುಡಿಯಲ್ಲಿ ಏನು ಬೆರೆತಿದೆ ಎಂದು ಕಣ್ಣಿಗೆ ಕಾಣದು. ದೊಡ್ಡ ಕಂಪನಿ ಇದನ್ನು ಬ್ರ್ಯಾಂಡು, ಜಾಹೀರಾತಿನ ಹಣದಿಂದ ಪರಿಹರಿಸಿಕೊಳ್ಳುತ್ತದೆ. ಮನೆಯ ಉದ್ದಿಮೆಯ ಕೈಯಲ್ಲಿರುವುದು ತೋರಿಸುವ ಅವಕಾಶ. ಗೊನೆ ಕಡಿದದ್ದು, ಬಿಲ್ಲೆ ಹರವಿದ್ದು, ಹುಡಿ ಜರಡಿ ಹಿಡಿದದ್ದು, ಅದೇ ಹುಡಿಯ ದೋಸೆ ಕಾವಲಿಯ ಮೇಲೆ ಎದ್ದದ್ದು, ಇವೆಲ್ಲ ಸಾಲಾಗಿ ಕಂಡಾಗ ಕೊಳ್ಳುವವರ ಅನುಮಾನ ಕರಗುತ್ತದೆ. ಇದರಲ್ಲಿ ಕೊಳ್ಳುವವರ ಪಾಲು ಇನ್ನೂ ದೊಡ್ಡದು. ತಂದವರು ತಮ್ಮ ಮನೆಯಲ್ಲಿ ಮಾಡಿದ ತಿಂಡಿಯ ಚಿತ್ರ ಹಾಕಿದರೆ ಅದು ಮಾರುವವರ ಮಾತಲ್ಲ, ಉಂಡವರ ಮಾತು.

4.3 ಪ್ರಯೋಗದ ವೆಚ್ಚ. ಅಂಗಡಿಗೆ ಸರಕು ಇಡಬೇಕಾದರೆ ನೂರಾರು ಪೊಟ್ಟಣ ಮೊದಲೇ ಸಿದ್ಧವಿರಬೇಕು, ಮಾರದ್ದು ವಾಪಸು ಬರುತ್ತದೆ, ಹಣ ತಿಂಗಳು ತಡವಾಗಿ ಸಿಗುತ್ತದೆ. ಗುಂಪಿನಲ್ಲಿ ‘ಈ ವಾರ ಹತ್ತು ಕಿಲೋ ಮಾಡುತ್ತಿದ್ದೇವೆ’ ಎಂದು ಬರೆದು, ಬೇಕೆಂದವರ ಪಟ್ಟಿ ಬಂದ ಮೇಲೆ ಗೊನೆ ಕಡಿಯಬಹುದು. ಹಣ ಯುಪಿಐ ಮೂಲಕ ಮುಂಚಿತವಾಗಿ, ಪೊಟ್ಟಣ ಸ್ಪೀಡ್ ಪೋಸ್ಟಿನಲ್ಲಿ. ಯುಪಿಐ ಶುರುವಾದದ್ದು 2016ರಲ್ಲಿ, ಅಂಗಡಿಗಾರರಿಗೆಂದೇ ರೂಪಿಸಿದ ವಾಟ್ಸ್ಯಾಪ್ ಬಿಸಿನೆಸ್ ಆ್ಯಪ್ ಬಂದದ್ದು 2018ರ ಜನವರಿಯಲ್ಲಿ, ಅದರಲ್ಲಿ ಸರಕಿನ ಕೆಟಲಾಗ್ ಸೇರಿದ್ದು 2019ರ ನವೆಂಬರಿನಲ್ಲಿ. 2021ರ ಮಹಿಳೆಯರಿಗೆ ಈ ಮೂರೂ ಸಿದ್ಧವಾಗಿ ಸಿಕ್ಕವು. ಐದು ವರ್ಷ ಮುಂಚೆ ಇದೇ ಲಾಕ್‌ಡೌನ್ ಬಂದಿದ್ದರೆ ಇದೇ ಹುಡಿ ಇಷ್ಟು ದೂರ ಹೋಗುತ್ತಿರಲಿಲ್ಲ.

4.4 ದೂರದ ಪರಿಚಯ. ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಮಂಡಿಸಿದ ವಿಚಾರ ಸಮಾಜಶಾಸ್ತ್ರದಲ್ಲಿ ಈಗ ಮನೆಮಾತು. ಹೊಸ ಸುದ್ದಿ, ಹೊಸ ಅವಕಾಶ ಬರುವುದು ಆಪ್ತರಿಂದಲ್ಲ, ಅರೆಪರಿಚಿತರಿಂದ. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಶಿರಸಿ ಕಡೆಯ ಮನೆಯವರಿಗೆ ಬೆಂಗಳೂರಿನಲ್ಲಿ, ಮುಂಬಯಿಯಲ್ಲಿ, ಕೊಲ್ಲಿ ದೇಶಗಳಲ್ಲಿ ಬಳಗವಿದ್ದೇ ಇದೆ, ಆದರೆ ಗಿರಾಕಿ ಆ ಬಳಗದವರಲ್ಲ. ಅವರ ಅಪಾರ್ಟ್‌ಮೆಂಟಿನ ಗುಂಪಿನಲ್ಲಿರುವ, ಊರಿನ ತಿಂಡಿಯ ಆಸೆಯುಳ್ಳ ಪಕ್ಕದ ಮನೆಯವರು. ಬಳಗ ಸಂದೇಶವನ್ನು ಒಂದು ಹೆಜ್ಜೆ ದಾಟಿಸುತ್ತದೆ, ಅರೆಪರಿಚಯ ಅದನ್ನು ಮಾರಾಟಕ್ಕೆ ತಲುಪಿಸುತ್ತದೆ.

5. ಯಾವ ತಾಣ, ಯಾವ ಕೆಲಸಕ್ಕೆ

ಜಾಲತಾಣ ಎಂದು ಒಟ್ಟಾಗಿ ಹೇಳುವುದರಿಂದ ಒಂದು ಮುಖ್ಯ ಭೇದ ಮರೆಯಾಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಯಾರ ಬರಹ ಯಾರಿಗೆ ಕಾಣಬೇಕು ಎಂಬುದನ್ನು ಕಂಪನಿಯ ಲೆಕ್ಕಾಚಾರ ತೀರ್ಮಾನಿಸುತ್ತದೆ. 2018ರ ಜನವರಿಯಲ್ಲಿ ಫೇಸ್‌ಬುಕ್ ಸ್ನೇಹಿತರ, ಮನೆಯವರ ಬರಹಗಳಿಗೆ ಆದ್ಯತೆ ಕೊಡುವುದಾಗಿ ಪ್ರಕಟಿಸಿದಾಗ ವ್ಯಾಪಾರಿ ಪುಟಗಳು ಹಿಂದೆ ಸರಿದವು, ಕಾಣಬೇಕಾದರೆ ಹಣ ತೆರಬೇಕಾಯಿತು. ವಾಟ್ಸ್ಯಾಪ್‌ನಲ್ಲಿ ಆ ಜರಡಿ ಇಲ್ಲ, ಆದರೆ ಬೇರೆ ಬೇಲಿಗಳಿವೆ. 2021ರಲ್ಲಿ ಒಂದು ಗುಂಪಿಗೆ 256 ಮಂದಿ ಮಿತಿ. ಬಹಳ ಕೈ ದಾಟಿ ಬಂದ ಸಂದೇಶವನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದು ಗುಂಪಿಗೆ ಮಾತ್ರ ಕಳಿಸುವ ನಿಯಮ 2020ರ ಏಪ್ರಿಲಿನಿಂದ ಜಾರಿಯಲ್ಲಿತ್ತು. ಬ್ರಾಡ್‌ಕಾಸ್ಟ್ ಪಟ್ಟಿಯ ಸಂದೇಶವಂತೂ ನಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗಷ್ಟೇ ತಲುಪುತ್ತದೆ.

ಮೇಲ್ನೋಟಕ್ಕೆ ಇವು ಅಡ್ಡಿಗಳು. ಸಣ್ಣ ಉದ್ದಿಮೆಯ ದೃಷ್ಟಿಯಿಂದ ನೋಡಿದರೆ ಇವೇ ಅನುಕೂಲ. ಹತ್ತು ಕಿಲೋ ಮಾಡುವ ಮನೆಗೆ ಹತ್ತು ಸಾವಿರ ಜನರ ಗಮನ ಬೇಡ, ಬಂದರೆ ಪೂರೈಸಲಾಗದ ಬೇಡಿಕೆಯಿಂದ ಹೆಸರು ಕೆಡುತ್ತದೆ. 256 ಜನರ ಗುಂಪಿನಲ್ಲಿ ಯಾರು ಏನು ಹೇಳಿದರೆಂಬುದು ನೆನಪಿರುತ್ತದೆ, ಕಲಬೆರಕೆ ಮಾಡಿದವರು ಮುಖ ಮರೆಸಿಕೊಳ್ಳಲಾಗದು. ನಂಬರು ಸೇವ್ ಮಾಡಿಕೊಂಡ ಗಿರಾಕಿ ಸಾವಿರ ಮೆಚ್ಚುಗೆಗಿಂತ ಗಟ್ಟಿ. ಸಮುದಾಯದ ಒಳಗೆ ಕಲಿಯಲು, ಮೊದಲ ಗಿರಾಕಿ ಗಳಿಸಲು ವಾಟ್ಸ್ಯಾಪ್, ಕೈ ಕುದುರಿದ ಮೇಲೆ ಹೊಸ ಊರು ಹುಡುಕಲು ಇನ್‌ಸ್ಟಾಗ್ರಾಂ, ಯೂಟ್ಯೂಬ್ ಎಂಬ ಕ್ರಮ ಈ ಪ್ರಕರಣಕ್ಕೆ ಹೊಂದುತ್ತದೆ.

6. ಜಾಲದ ಹಿಂದಿನ ಜಾಲ

ಇಷ್ಟರಿಂದ ‘ವಾಟ್ಸ್ಯಾಪ್ ಮಾಡಿಸಿತು’ ಎಂದು ತೀರ್ಮಾನಿಸಿದರೆ ಕಾರಣವನ್ನು ತಪ್ಪಾಗಿ ಓದಿದಂತೆ. ಅಡಿಕೆ ಪತ್ರಿಕೆ ಪುತ್ತೂರಿನಿಂದ 1988ರಿಂದ ಬರುತ್ತಿದೆ. ‘ಕೃಷಿಕರ ಕೈಗೆ ಲೇಖನಿ’ ಎಂಬುದು ಅದರ ನಿಲುವು. ರೈತರೇ ಬರೆಯಬೇಕು, ವಿಳಾಸ, ಫೋನ್ ನಂಬರು ಸಮೇತ ಅನುಭವ ದಾಖಲಿಸಬೇಕು ಎಂಬ ಶಿಸ್ತನ್ನು ಅದು ಮೂರು ದಶಕ ಕಾಲ ಬೆಳೆಸಿತು. ಹಲಸಿನ ಮೌಲ್ಯವರ್ಧನೆಯ ಬಗ್ಗೆ ಅದರ ಸತತ ಬರಹಗಳು ಕಾಯಿ-ಹಣ್ಣನ್ನು ಒಣಗಿಸಿ ಮಾರುವ ಯೋಚನೆಗೆ ಮೊದಲೇ ನೆಲ ಹದ ಮಾಡಿದ್ದವು. 2021ರಲ್ಲಿ ಗುಂಪಿಗೆ ಬಂದ ಸಂದೇಶ ಗುರುತು ಪರಿಚಯವಿಲ್ಲದವರ ಫಾರ್ವರ್ಡ್ ಆಗಿರಲಿಲ್ಲ. ಅದರ ಹಿಂದೆ ದೀರ್ಘಕಾಲ ಗಳಿಸಿದ ವಿಶ್ವಾಸವಿತ್ತು.

ಆದ್ದರಿಂದ ಇದೇ ಮಾದರಿಯನ್ನು ಬೇರೆ ಜಿಲ್ಲೆಗೆ ಒಯ್ಯುವವರು ಗುಂಪು ತೆರೆಯುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಇಲ್ಲಿಯ ಜನ ಈಗಾಗಲೇ ಯಾರ ಮಾತನ್ನು ನಂಬುತ್ತಾರೆ? ಅದು ಸಹಕಾರ ಸಂಘವಾಗಬಹುದು, ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟವಾಗಬಹುದು, ಹಾಲಿನ ಡೇರಿಯಾಗಬಹುದು. ಜಾಲತಾಣ ಇರುವ ನಂಬಿಕೆಯನ್ನು ಬೇಗ, ದೂರ ಒಯ್ಯುತ್ತದೆ. ನಂಬಿಕೆಯನ್ನು ಶೂನ್ಯದಿಂದ ಹುಟ್ಟಿಸುವ ಶಕ್ತಿ ಅದಕ್ಕಿದೆ ಎಂಬುದಕ್ಕೆ ಈ ಪ್ರಕರಣದಲ್ಲಿ ಪುರಾವೆಯಿಲ್ಲ.

7. ಮಿತಿಗಳು

ಮೊದಲನೆಯದು ಲೆಕ್ಕದ ಮಿತಿ. ಕಾಯಿಗೆ ಕಿಲೋಗೆ 6 ರೂಪಾಯಿ ಎಂದು ಹಿಡಿಯೋಣ. ಒಂದು ಕಿಲೋ ಹುಡಿಯ ಒಳಗಿರುವ ಕಾಯಿಯ ಬೆಲೆ 30 ರೂಪಾಯಿ. ಕಾಯಿ 20 ರೂಪಾಯಿಗೆ ಏರಿದರೆ ಅದು 100 ಆಗುತ್ತದೆ. ಉರುವಲು, ಕೂಲಿ, ಪ್ಯಾಕಿಂಗ್, ಅಂಚೆ ಬೇರೆ. ಬಾಳೆಯ ದರ ಕುಸಿದಾಗ ಹುಡಿ ಲಾಭ, ದರ ಏರಿದಾಗ ಕಾಯಿಯಾಗಿಯೇ ಮಾರುವುದು ಲಾಭ. ಜಾಲತಾಣದ ಜನಪ್ರಿಯತೆ ಈ ಗಣಿತವನ್ನು ಬದಲಿಸದು. ಹುಡಿಯನ್ನು ದರ ಬಿದ್ದಾಗಿನ ಆಸರೆ ಎಂದು ನೋಡುವವರಿಗೂ ವರ್ಷವಿಡೀ ನಡೆಸುವ ಉದ್ದಿಮೆ ಎಂದು ನೋಡುವವರಿಗೂ ಯೋಜನೆ ಬೇರೆಬೇರೆಯಾಗಬೇಕು.

ಎರಡನೆಯದು ಕಾನೂನು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಮನೆಯಲ್ಲಿ ಮಾಡಿ ಮಾರುವವರಿಗೂ ಅನ್ವಯ. ಆಗಿನ ನಿಯಮದಂತೆ ವರ್ಷಕ್ಕೆ 12 ಲಕ್ಷ ರೂಪಾಯಿಯೊಳಗಿನ ವಹಿವಾಟಿಗೆ ಸರಳ ನೋಂದಣಿ ಸಾಕಿತ್ತು, ಶುಲ್ಕ ವರ್ಷಕ್ಕೆ 100 ರೂಪಾಯಿ. ಗುಂಪಿನೊಳಗಿನ ಮಾರಾಟ ಸ್ನೇಹದ ಕೊಡುಕೊಳೆಯಂತೆ ಕಾಣುವುದರಿಂದ ಇದನ್ನು ಮರೆಯುವುದು ಸುಲಭ. ಅದಕ್ಕಿಂತ ಅಪಾಯಕಾರಿ ಆರೋಗ್ಯದ ಮಾತುಗಳು. ಹಸಿ ಬಾಳೆಕಾಯಿಯಲ್ಲಿ ಬೇಗ ಜೀರ್ಣವಾಗದ ಪಿಷ್ಟ ಹೆಚ್ಚಿದೆ ಎಂಬುದು ನಿಜ. ಅದರಿಂದ ‘ಸಕ್ಕರೆ ಕಾಯಿಲೆ ಗುಣವಾಗುತ್ತದೆ’ ಎಂದು ಬರೆದ ಸಂದೇಶ ಸುಳ್ಳು, ಆಹಾರ ಜಾಹೀರಾತಿನ 2018ರ ನಿಯಮಗಳಿಗೂ ವಿರುದ್ಧ. ಔಷಧಿ ಬಿಟ್ಟು ಹುಡಿ ನೆಚ್ಚಿದ ಒಬ್ಬ ರೋಗಿಗೆ ಆಗುವ ಹಾನಿಯನ್ನು ಯಾವ ಮಾರಾಟವೂ ತುಂಬಲಾರದು. ಈ ವಿಷಯದಲ್ಲಿ ಗುಂಪಿನ ನಿರ್ವಾಹಕರು ನಿಷ್ಠುರವಾಗಿಯೇ ಇರಬೇಕು.

ಮೂರನೆಯದು ತಾಣದ ಅವಲಂಬನೆ. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ ಅದರಲ್ಲಿ ಗಳಿಸಿದ ಅನುಯಾಯಿಗಳೆಲ್ಲ ಒಂದೇ ರಾತ್ರಿಯಲ್ಲಿ ಕೈತಪ್ಪಿದರು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್ಯಾಪ್ ಮೂರೂ ಸುಮಾರು ಆರು ತಾಸು ಸ್ತಬ್ಧವಾದವು. ಒಂದೇ ಕಂಪನಿಯ ಅಂಗಳದಲ್ಲಿ ಎಲ್ಲ ಗಿರಾಕಿಗಳನ್ನು ಕೂರಿಸಿದವರಿಗೆ ಆ ಹೊತ್ತು ಬೇರೆ ದಾರಿ ಇರಲಿಲ್ಲ.

ನಾಲ್ಕನೆಯದು, ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು, ಫೋನ್ ಯಾರ ಕೈಯಲ್ಲಿದೆ ಎಂಬುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಎಂದಾದರೂ ಇಂಟರ್‌ನೆಟ್ ಬಳಸಿದ ಮಹಿಳೆಯರು ಮೂವರಲ್ಲಿ ಒಬ್ಬರು. ಪುರುಷರಲ್ಲಿ ಅರ್ಧಕ್ಕಿಂತ ಹೆಚ್ಚು. ಹುಡಿ ಮಾಡಿದ್ದು ಹೆಂಗಸರು, ಆದರೆ ಆರ್ಡರು ಬರುವ ನಂಬರು, ಹಣ ಬೀಳುವ ಖಾತೆ ಮನೆಯ ಗಂಡಸಿನದಾದರೆ ಲಾಭ ಎಲ್ಲಿಗೆ ಸೇರಿತೆಂದು ಬೇರೆ ಹೇಳಬೇಕಿಲ್ಲ. ಮಹಿಳಾ ಉದ್ದಿಮೆಯ ಯಶಸ್ಸನ್ನು ಎಣಿಸುವ ಯಾವ ವರದಿಯೂ ಈ ಎರಡು ವಿವರಗಳನ್ನು ಕೇಳದೆ ಇರಬಾರದು.

8. ನಿರ್ಣಯ

ಈ ಪ್ರಕರಣದಿಂದ ಮೂರು ಮಾತು ನಿಲ್ಲುತ್ತವೆ. ಒಂದು, ಸಣ್ಣ ಉದ್ದಿಮೆಗೆ ಜಾಲತಾಣದ ದೊಡ್ಡ ಲಾಭ ದಕ್ಕುವುದು ಪ್ರಚಾರಕ್ಕಿಂತ ಮುಂಚಿನ ಹಂತದಲ್ಲಿ, ಅಂದರೆ ಕಲಿಯುವಾಗ, ಸಣ್ಣದಾಗಿ ಮಾಡಿ ನೋಡುವಾಗ, ಮೊದಲ ಗಿರಾಕಿಯ ಅನುಮಾನ ನೀಗಿಸುವಾಗ. ಎರಡು, ಮೊದಲೇ ಇದ್ದ ನಂಬಿಕೆಯ ಬಳಗದ ಮೇಲೆ ನಿಂತಾಗಲೇ ಆ ಲಾಭ ಕೈಗೂಡಿದೆ. ಮೂರು, ಉಳಿಯಬೇಕಾದರೆ ಅದು ತಾಣದ ಹೊರಗೂ ದಾಖಲಾಗಬೇಕು. ಗಿರಾಕಿಗಳ ಹೆಸರು-ನಂಬರು ಬರೆದ ಒಂದು ಪುಸ್ತಕ, ಆಹಾರ ನೋಂದಣಿ, ಮಾಡುವವರ ಹೆಸರಿನಲ್ಲೇ ಬ್ಯಾಂಕ್ ಖಾತೆ, ಲೇಬಲ್ಲಿನ ಮೇಲೆ ತಯಾರಿಯ ತಾರೀಖು, ಇವು ನಾಲ್ಕೂ ದುಬಾರಿಯಲ್ಲ.

ಮುಂದೆ ಇದನ್ನು ಕ್ಷೇತ್ರದಲ್ಲಿ ಅಳೆಯಹೊರಡುವವರಿಗೆ ಒಂದು ಸೂಚನೆ. ಮೆಚ್ಚುಗೆ, ವೀಕ್ಷಣೆಗಳ ಸಂಖ್ಯೆ ಸುಲಭವಾಗಿ ಸಿಗುತ್ತದೆ, ಹೇಳುವುದು ಕಡಿಮೆ. ಕೇಳಬೇಕಾದದ್ದು ಬೇರೆ: ಒಮ್ಮೆ ಕೊಂಡವರಲ್ಲಿ ಎಷ್ಟು ಜನ ಮತ್ತೆ ಕೊಂಡರು, ಕೆಟ್ಟ ಸರಕಿನ ಪಾಲು ಮೊದಲ ತಿಂಗಳಿಂದ ಆರನೆಯ ತಿಂಗಳಿಗೆ ಎಷ್ಟು ಇಳಿಯಿತು, ದರ ಏರಿದ ವರ್ಷದಲ್ಲಿ ಎಷ್ಟು ಮನೆಗಳು ಕೆಲಸ ಮುಂದುವರಿಸಿದವು, ಗಳಿಕೆ ಯಾರ ಖಾತೆಗೆ ಹೋಯಿತು. ನಮ್ಮ ವಿಶ್ವವಿದ್ಯಾಲಯಗಳ ವಾಣಿಜ್ಯ, ಗೃಹವಿಜ್ಞಾನ ವಿಭಾಗಗಳ ವಿದ್ಯಾರ್ಥಿಗಳು ಈ ನಾಲ್ಕು ಪ್ರಶ್ನೆ ಹಿಡಿದು ಒಂದೊಂದು ತಾಲ್ಲೂಕನ್ನು ಎರಡು ವರ್ಷ ಹಿಂಬಾಲಿಸಿದರೆ, ಮುಂದಿನ ಬಾರಿ ಬಾಳೆಯೋ ಟೊಮೆಟೊವೋ ಬೆಲೆ ಕಳೆದುಕೊಂಡಾಗ ಬೆಳೆಗಾರರಿಗೆ ಬರಿಯ ಹುಮ್ಮಸ್ಸಿನ ಬದಲು ಪರೀಕ್ಷಿಸಿದ ಸಲಹೆ ಕೊಡಬಹುದು.